ತಂಗಿಯ ಮಗಳಿಗೆ ಕೊಟ್ಟ ಔಟ್

ಕೊರಗಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂಆರ್‌ಟಿಯಲ್ಲಿ ರೈಲಿನಿಂದ ಇಳಿಯುವವರಿಗೆ ದಾರಿ ಬಿಡದೆ ನುಗ್ಗುವವರ ಮೇಲೆ ಸಿಟ್ಟು, ಹಾಕರ್ ಸೆಂಟರಿನಲ್ಲಿ ತಿಂದ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋಗುವವರ ಮೇಲೆ ಸಿಟ್ಟು. ಮಕ್ಕಳ ಆಟ ನೋಡಲು ಬಂದು, ಬೇಲಿಯಾಚೆ ನಿಂತು, ಅಂಪೈರಿಗೇ ಪಾಠ ಹೇಳುವ ಅಪ್ಪಂದಿರ ಮೇಲಂತೂ ಹೇಳತೀರದ ಸಿಟ್ಟು. ಏಕೆಂದರೆ ಆ ಅಂಪೈರು ಬಹಳ ಸಲ ಅವನೇ ಆಗಿರುತ್ತಿದ್ದ.

ವಾರವೆಲ್ಲ ಸೆಲೆಟಾರಿನಲ್ಲಿ ವಿಮಾನ ರಿಪೇರಿಯ ಕೆಲಸ. ಶನಿವಾರ ಬಂತೆಂದರೆ ಸಾಫ್ಟ್‌ಬಾಲ್ ಮೈದಾನ. ಬೇಸ್‌ಬಾಲಿನ ತಂಗಿಯಂಥ ಈ ಆಟವನ್ನು ಅವನು ಕಲಿತದ್ದು ಸಿಂಗಾಪುರಕ್ಕೆ ಬಂದ ಮೇಲೆ, ಕಂಪನಿಯ ಚೀನೀ ಗೆಳೆಯರ ಜೊತೆ. ಆಡಿದ್ದಕ್ಕಿಂತ ಜಗಳಾಡಿದ್ದೇ ಹೆಚ್ಚು. ಇಷ್ಟೊಂದು ಜಗಳಾಡುವವನು ತೀರ್ಪನ್ನೇ ಕೊಡಲಿ ಎಂದು ಅವರೇ ಅವನನ್ನು ಅಂಪೈರ್ ಮಾಡಿದರು. ಆ ಕೆಲಸ ಅವನಿಗೆ ಹೇಳಿ ಮಾಡಿಸಿದಂತಿತ್ತು. ಒಮ್ಮೆ ಔಟ್ ಎಂದರೆ ಔಟ್. ಯಾರ ಮಾತಿಗೂ ಜಗ್ಗುವ ಆಸಾಮಿಯಲ್ಲ.

ಈ ವರ್ಷ ರಾಷ್ಟ್ರಮಟ್ಟದ ಕಾಲೇಜು ಚಾಂಪಿಯನ್‌ಶಿಪ್‌ನಲ್ಲಿ ಹುಡುಗಿಯರ ಫೈನಲ್ ಅವನಿಗೆ ಸಿಕ್ಕಿತು. ಟೂರ್ನಮೆಂಟ್ ನೋಡಿಕೊಳ್ಳುತ್ತಿದ್ದ ಲಿಮ್ ಫೋನ್ ಮಾಡಿ, ರೂಢಿಯಂತೆ, ನಿಮ್ಮ ಮಗಳೇನಾದರೂ ಆಡುತ್ತಿದ್ದಾಳೆಯೇ ಎಂದು ಕೇಳಿದ. ಇಲ್ಲ ಎಂದ ಕೊರಗಪ್ಪ. ಸುಳ್ಳಲ್ಲ. ಅವನಿಗಿದ್ದವನು ಒಬ್ಬನೇ ಮಗ, ಮನೀಷ್. ಬಿಶಾನಿನಲ್ಲಿ ಸಂಸಾರ ಹೂಡಿದ್ದ ಅವನಿಗೆ ಬ್ಯಾಟಿನ ಯಾವ ತುದಿ ಹಿಡಿಯಬೇಕೆಂದೂ ತಿಳಿಯದು.

ಆದರೆ ಆಡುತ್ತಿದ್ದವಳು ಚೈತನ್ಯಾ, ತಂಗಿ ಸ್ವರ್ಣಲತಾಳ ಮಗಳು. ಲಿಮ್‌ನ ಲೆಕ್ಕದಲ್ಲಿ ತಂಗಿಯ ಮಗಳು ಎಂದರೆ ದೂರದ ಸಂಬಂಧ. ಕೊರಗಪ್ಪನ ಕುಟುಂಬದಲ್ಲಿ ಲೆಕ್ಕವೇ ಬೇರೆ. ಕಾಪುವಿನ ಅವನ ಮನೆಯವರು ಅಳಿಯಕಟ್ಟಿನವರು. ಮಗ ಅವನ ತಾಯಿಯ ಮನೆತನಕ್ಕೆ ಸೇರಿದವನು. ಕೊರಗಪ್ಪನ ಮನೆತನ ಮುಂದುವರಿಯುವುದೇ ಚೈತನ್ಯಾಳಿಂದ. ಊರಿನ ಮನೆಯಲ್ಲಿ ದೈವದ ಎದುರು ನಿಂತಾಗ ನಮ್ಮ ಮಗು ಎಂದು ಅವನು ಮುಂದೆ ನಿಲ್ಲಿಸುತ್ತಿದ್ದುದು ಅವಳನ್ನು. ಯಿಶುನ್‌ನ ಫ್ಲ್ಯಾಟುಗಳ ಕೆಳಗಿನ ತೆರೆದ ವಾಯ್ಡ್ ಡೆಕ್ಕಿನಲ್ಲಿ ಅವಳ ಪುಟ್ಟ ಕೈಗೆ ಚೆಂಡು ಕೊಟ್ಟವನೂ ಅವನೇ. ಇದನ್ನೆಲ್ಲ ಲಿಮ್‌ಗೆ ಹೇಳಿದ್ದರೆ ಫೈನಲ್ ಕೈತಪ್ಪುತ್ತಿತ್ತು. ಹೇಳಲಿಲ್ಲ. ಬದಲಿಗೆ, ಅವಳಿಗೆ ಒಂದು ಕೂದಲೆಳೆಯಷ್ಟೂ ಸಡಿಲ ಕೊಡಬಾರದೆಂದು ಮನಸ್ಸಿನಲ್ಲೇ ಹಲ್ಲು ಕಚ್ಚಿಕೊಂಡ. ಅಲ್ಲೇ ಎಡವಿದ್ದು.

ಫೈನಲಿನ ಕೊನೆಯ ಸುತ್ತಿಗೆ ಬರುವಾಗ ಅಂಕ ಸಮ. ಚೈತನ್ಯಾ ಮೂರನೆಯ ಬೇಸಿನಲ್ಲಿದ್ದಳು. ಅವಳು ಓಡಿ ಬಂದು ಹೋಮ್ ಪ್ಲೇಟ್ ಮುಟ್ಟಿದರೆ ಕಪ್ ಅವಳ ತಂಡದ್ದು; ಅಷ್ಟರೊಳಗೆ ಎದುರಾಳಿ ಚೆಂಡು ಹಿಡಿದು ಅವಳಿಗೆ ತಾಗಿಸಿದರೆ ಔಟ್. ಹೊಡೆತ ಬಿತ್ತು. ಚೈತನ್ಯಾ ಓಡಿದಳು, ಮಣ್ಣೆಬ್ಬಿಸಿ ಜಾರಿದಳು. ಪ್ಲೇಟಿನ ಪಕ್ಕದಲ್ಲೇ ಬಗ್ಗಿ ನಿಂತಿದ್ದ ಕೊರಗಪ್ಪ ಕಣ್ಣಾರೆ ಕಂಡ. ಮೊದಲು ಕಾಲು ಪ್ಲೇಟಿಗೆ ತಾಗಿತು. ಚೆಂಡು ಆಮೇಲೆ ಬಂತು.

ಅವನ ಕೈ ಮೇಲೆದ್ದಿತು. “ಔಟ್!”

“ತಮ್ಮಲೇ!” ಎಂದು ಚೈತನ್ಯಾ ಕಿರುಚಿದಳು. ತುಳುವಿನಲ್ಲಿ ಸೋದರಮಾವನನ್ನು ಕರೆಯುವುದು ಹಾಗೆ. ಮೈದಾನದಲ್ಲಿ ಹಾಗೆ ಕರೆಯಬಾರದೆಂದು ಅವಳಿಗೆ ಕಟ್ಟುನಿಟ್ಟಾಗಿ ಹೇಳಿಟ್ಟಿದ್ದ. ಕೋಚ್ ಓಡಿ ಬಂದು, ದಯವಿಟ್ಟು ಇನ್ನೊಬ್ಬ ಅಂಪೈರನ್ನು ಒಂದು ಮಾತು ಕೇಳಿ ಎಂದಳು. ಕೇಳಿದ್ದರೆ ಆ ಕ್ಷಣದಲ್ಲೇ ಸರಿಹೋಗುತ್ತಿತ್ತು. ಕೊರಗಪ್ಪ, “ನಾನು ನೋಡಿದ್ದೇನೆ,” ಎಂದು ಗದರಿ ಅವಳನ್ನು ಹಿಂದಕ್ಕೆ ಕಳಿಸಿದ. ಆಟ ಬೆಳೆಯಿತು, ಮುಂದಿನ ಸುತ್ತಿನಲ್ಲಿ ಎದುರಾಳಿಗಳು ಅಂಕ ಗಳಿಸಿ ಕಪ್ ಎತ್ತಿದರು.

ಅವನ ಮೈ ಉರಿದದ್ದು ಆಮೇಲೆ. ಸಂಬಂಧದ ಸುದ್ದಿ ಅಷ್ಟು ಹೊತ್ತಿಗೆ ಎಲ್ಲರ ಬಾಯಲ್ಲಿತ್ತು. ಬೇಲಿಯಾಚೆಯ ಅದೇ ಅಪ್ಪಂದಿರು ಬಂದು ಕೈ ಕುಲುಕಿದರು. ಸ್ವಂತ ತಂಗಿಯ ಮಗಳನ್ನೂ ಬಿಡಲಿಲ್ಲವಲ್ಲ ಅಂಕಲ್, ನಿಮ್ಮಂಥವರು ಬೇಕು ಎಂದರು. ಲಿಮ್ ಬೆನ್ನು ತಟ್ಟಿದ. ಒಬ್ಬೊಬ್ಬರ ಮೆಚ್ಚುಗೆಗೂ ಕೊರಗಪ್ಪನಿಗೆ ಅವರ ಕೆನ್ನೆಗೆ ಬಾರಿಸೋಣ ಎನಿಸಿತು. ಬಾರಿಸಬೇಕಾದದ್ದು ತನ್ನ ಕೆನ್ನೆಗೆ ಎಂದು ಇನ್ನೂ ಹೊಳೆದಿರಲಿಲ್ಲ.

ಮರುದಿನ ಬಂಗುಡೆ ಮೀನು ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ, ತಂಗಿಯ ಮನೆಗೆ ಹೋದ. ಸ್ವರ್ಣಲತಾ ಮೀನನ್ನು ತೆಗೆದುಕೊಳ್ಳಲೇ ಇಲ್ಲ.

“ಆ ಮೀನು ವಾಪಸ್ ತಗೊಂಡು ಹೋಗಿ ಅಣ್ಣ. ನಮ್ಮನೇಲಿ ನಿನ್ನೆಯಿಂದ ಯಾರೂ ಸರಿಯಾಗಿ ಊಟ ಮಾಡಿಲ್ಲ.”

“ಗೇಮ್ ಅಂದ್ಮೇಲೆ ಸೋಲು ಗೆಲುವು ಇರುತ್ತೆ ಸ್ವರ್ಣಾ.”

“ಸೋಲಿನ ವಿಷಯ ಯಾರು ಮಾತಾಡಿದ್ರು? ಊರಲ್ಲಿ ದೈವದ ಮುಂದೆ ನನ್ನ ಮಗಳ ತಲೆ ಮೇಲೆ ಕೈ ಇಟ್ಟು ನಿಂತಿದ್ರಲ್ಲ. ಈಗ ಅವಳ ಮುಖ ನೋಡಿ ಹೇಳಿ, ಔಟಾ?”

ಚೈತನ್ಯಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೊಣಕಾಲು ತರಚಿ ಕೆಂಪಾಗಿತ್ತು. ಅತ್ತಿರಲಿಲ್ಲ, ಅವಳ ಸಿಟ್ಟು ಥೇಟ್ ಮಾವನದೇ.

“ತಮ್ಮಲೆ, ಬೇರೆ ಯಾರಾದ್ರೂ ಸ್ಲೈಡ್ ಮಾಡಿದ್ರೆ ಸೇಫ್ ಅಂತಿದ್ರಿ, ಅಲ್ವಾ?”

ಜೀವಮಾನದಲ್ಲಿ ಒಂದು ತೀರ್ಪನ್ನೂ ಹಿಂದಕ್ಕೆ ತೆಗೆದುಕೊಳ್ಳದ ಮನುಷ್ಯ ಗೋಡೆ ನೋಡಿದ, ನೆಲ ನೋಡಿದ, ಕೈಯಲ್ಲಿದ್ದ ಮೀನಿನ ಚೀಲ ನೋಡಿದ.

“ಹೌದು,” ಎಂದ. “ಕಾಲು ಮೊದಲು ತಾಗಿತ್ತು. ನಿನಗೆ ಫೇವರ್ ಮಾಡಿದೆ ಅಂತ ಯಾರೂ ಹೇಳಬಾರದು ಅಂತ... ನಮ್ಮವಳು ಅಂತಾನೇ ಟೈಟ್ ಮಾಡಿದೆ.”

“ನಿಮ್ಮವಳು ನಾನೊಬ್ಬಳೇ. ಟೀಮಲ್ಲಿ ಉಳಿದವರು ನಿಮಗೆ ಏನು ಆಗ್ಬೇಕು? ನಮ್ಮ ಕ್ಯಾಪ್ಟನ್ ನೂರುಲ್‌ಗೆ ಇದು ಲಾಸ್ಟ್ ಇಯರ್. ನನ್ನ ಪನಿಶ್ ಮಾಡೋಕೆ ಹೋಗಿ ಅವರ ಕಪ್ ಯಾಕೆ ಕಿತ್ಕೊಂಡ್ರಿ?”

ಮನೆಯ ಮಗುವನ್ನು ಬಿಗಿಯಾಗಿ ಹಿಡಿದೆ, ಅದು ತನ್ನ ಹಕ್ಕು ಎಂದು ಕೊರಗಪ್ಪ ರಾತ್ರಿಯೆಲ್ಲ ಸಮಾಧಾನ ಮಾಡಿಕೊಂಡಿದ್ದ. ಬೇರೆಯವರ ಮನೆಯ ಮಕ್ಕಳ ನೆನಪು ಒಮ್ಮೆಯೂ ಬಂದಿರಲಿಲ್ಲ. ನ್ಯಾಯ ನ್ಯಾಯ ಎಂದು ಎದೆ ಸೆಟೆಸಿ ತಿರುಗಿದವನ ಹಣೆಬರಹ ಇಷ್ಟು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸೋಮವಾರ ಲಿಮ್‌ಗೆ ಎಲ್ಲವನ್ನೂ ಹೇಳಿದ. ಇನ್ನು ಮುಂದೆ ನಿಮ್ಮನ್ನು ಕರೆಯಲಾರೆ, ಆದರೆ ಮುಗಿದ ಆಟದ ಫಲಿತಾಂಶ ಬದಲಾಗದು ಎಂದ ಲಿಮ್. ಕೊರಗಪ್ಪ ಅಷ್ಟಕ್ಕೇ ಬಾಲ ಮುದುರಿಕೊಂಡು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಸಂಜೆ ಕಾಲೇಜಿನ ಮೈದಾನಕ್ಕೆ ಹೋದ. ಹುಡುಗಿಯರು ಸಾಮಾನು ಕಟ್ಟುತ್ತಿದ್ದರು. ಕೋಚ್‌ನ ಅನುಮತಿ ಕೇಳಿ ಅವರೆದುರು ನಿಂತು, ಚೈತನ್ಯಾ ಸೇಫ್ ಆಗಿದ್ದಳು, ನಾನು ನೋಡಿಯೂ ಔಟ್ ಕೊಟ್ಟೆ, ಕಪ್ ನಿಮ್ಮದಾಗಬೇಕಿತ್ತು ಎಂದು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದ. ಕ್ಷಮಿಸಿ ಎಂದೂ ಹೇಳಿದ. ಆ ಮಾತು ಅವನ ಬಾಯಿಗೆ ಒಗ್ಗಿದ್ದಲ್ಲ.

ಹುಡುಗಿಯರು ಬೈಯುತ್ತಾರೆ ಎಂದುಕೊಂಡಿದ್ದ. ಬೈಗುಳಕ್ಕೆ ಅವನು ಹೆದರುವವನಲ್ಲ. ಬೈದಿದ್ದರೆ ಹಗುರವಾದರೂ ಆಗುತ್ತಿತ್ತು. ಬದಲಿಗೆ ನಾಯಕಿ ನೂರುಲ್ ತಣ್ಣಗೆ ಒಂದು ಪ್ರಶ್ನೆ ಕೇಳಿದಳು.

“ಹಾಗಾದ್ರೆ ಅಂಕಲ್, ಅವಳು ನಮ್ಮ ಟೀಮಲ್ಲಿ ಇಲ್ದೇ ಇದ್ದಿದ್ರೆ ನಾವು ಗೆದ್ದಿರ್ತಿದ್ವಿ, ಅಲ್ವಾ?”

ಒಂದೊಂದೇ ತಲೆ ಚೈತನ್ಯಾಳ ಕಡೆ ತಿರುಗಿತು. ಅವಳು ಗ್ಲೌಸ್ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಗೆಳತಿಯರ ಆ ನೋಟ ಅವಳ ಮುಖವನ್ನು ಬಿಳುಚಿಸಿದ್ದನ್ನು ಕೊರಗಪ್ಪ ಕಂಡ. ಶನಿವಾರದ ಪೆಟ್ಟು ಅವಳಿಗೆ ಈಗ ಎರಡನೆಯ ಸಲ ಬೀಳುತ್ತಿತ್ತು, ಅದೂ ಇವನ ಕೈಯಿಂದಲೇ.

ಅವನು ನಾಲ್ಕು ಹೆಜ್ಜೆ ನಡೆದು ಚೈತನ್ಯಾಳಿಗೂ ಅವರಿಗೂ ನಡುವೆ ನಿಂತ. ಎಷ್ಟೋ ವರ್ಷ ಊರವರ ಮೇಲೆಲ್ಲ ಹರಿಹಾಯ್ದ ಆ ದೊಡ್ಡ ಗಂಟಲು ಈಗ ತನ್ನ ಮೇಲೆಯೇ ಏರಿತು.

“ಅವಳನ್ನ ನೋಡಬೇಡಿ. ತಪ್ಪು ಮಾಡಿದವನು ಇಲ್ಲಿದ್ದೇನೆ. ನನ್ನನ್ನ ನೋಡಿ.”

ಅವರು ನೋಡಿದರು. ನೂರುಲ್‌ಳ ಕಣ್ಣು ತುಂಬಿ, ಅದರೊಳಗೆ ಸಿಟ್ಟು ಉರಿಯುತ್ತಿತ್ತು. ಹಿಂದಿನಿಂದ ಚೈತನ್ಯಾ ಎದ್ದು ಬರುವಳೇನೋ ಎಂದು ಅವನಿಗೆ ಆಸೆಯಾಯಿತು. ಅವಳು ಬರಲಿಲ್ಲ. ಅವರು ನೋಡಿ ಮುಗಿಸುವವರೆಗೂ ಕೊರಗಪ್ಪ ಅಲ್ಲೇ ನಿಂತಿದ್ದ.