ಅಪ್ಪನ ಕಾಮೆಂಟುಗಳು

ಸಾರ್ವಜನಿಕ ಸಂಪರ್ಕ ಮತ್ತು ಸೋಷಿಯಲ್ ಮೀಡಿಯಾ ಓದುತ್ತೇನೆಂದು ನಾನು ತುಮಕೂರಿಗೆ ಹೊರಟಾಗ, ಅದೆಂಥ ಓದು ಎಂದು ನಮ್ಮ ಕಡೆ ಯಾರಿಗೂ ಅರ್ಥವಾಗಿರಲಿಲ್ಲ. ಅಪ್ಪನೊಬ್ಬನಿಗೆ ಪೂರ್ತಿ ಅರ್ಥವಾಗಿತ್ತು, ಅಥವಾ ಹಾಗೆಂದು ಅವನು ನಂಬಿಕೊಂಡಿದ್ದ. ಅಪ್ಪ ಕುಣಿಗಲ್ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಪಹಣಿ ತಿದ್ದುಪಡಿ, ಖಾತೆ ಬದಲಾವಣೆ, ವೃದ್ಧಾಪ್ಯ ವೇತನ, ಜನ ಏನೇ ಹೇಳಿಕೊಂಡು ಬಂದರೂ ಅವರ ಅಳು, ಸಿಟ್ಟು, ಹಳೆಯ ಜಗಳ ಎಲ್ಲವನ್ನೂ ಪಕ್ಕಕ್ಕಿಟ್ಟು ಒಂದು ಹಾಳೆಯಲ್ಲಿ ವಿಷಯ ಬರೆದುಕೊಡುತ್ತಿದ್ದ.

"ಹೇಳಕ್ಕೆ ಬರ್ದೆ ಇರೋರ ಮಾತನ್ನ ಕೇಳೋರಿಗೆ ತಿಳಿಯೋ ಹಂಗೆ ಬರ್ಯೋದು. ನಾನು ಮಾಡ್ತಿರೋದೂ ಅದೇ ಅಲ್ವೇನವ್ವ?" ಎಂದು ಬಸ್ ಹತ್ತಿಸುವಾಗ ಹೇಳಿದ್ದ.

ಯೂನಿವರ್ಸಿಟಿಯಲ್ಲಿ ಕಲಿಯುವುದೂ ಮರದ ಕೆಳಗೆ ಕೂತು ಬರೆಯುವುದೂ ಒಂದೇನಾ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಆಗಿನ್ನೂ ಕ್ಲಾಸೇ ಶುರುವಾಗಿರಲಿಲ್ಲ. ಜಂಬ ಮಾತ್ರ ಶುರುವಾಗಿತ್ತು.

ಎರಡನೆಯ ಸೆಮಿಸ್ಟರಿನಲ್ಲಿ ನಮ್ಮ ಸರ್ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜು ತೆರೆದು ಸೆಮಿಸ್ಟರ್ ಮುಗಿಯುವವರೆಗೂ ನಡೆಸಬೇಕು. ಎಷ್ಟು ಜನ ಫಾಲೋ ಮಾಡುತ್ತಾರೆ, ಎಂಥವರು ಕಾಮೆಂಟ್ ಹಾಕುತ್ತಾರೆ ಎಂಬುದರ ಮೇಲೆ ಮಾರ್ಕ್ಸು. ನಾನು ಸಣ್ಣ ಅಂಗಡಿಗಳ ಬಗ್ಗೆ ಪೇಜು ಮಾಡಿದೆ. ಶಿರಾ ಗೇಟಿನ ಮಿಕ್ಸಿ ರಿಪೇರಿಯವರು, ಗುಬ್ಬಿಯಲ್ಲಿ ಹಳೆಯ ಪ್ಯಾಂಟನ್ನು ಚೀಲ ಮಾಡಿಕೊಡುವ ಟೈಲರ್, ಹೀಗೆ. ನನ್ನ ರೂಮ್‌ಮೇಟ್ ನಿಟ್ಟೂರಿನವಳು. ಅವಳ ಸ್ಕೂಟರಿನಲ್ಲಿ ಇಬ್ಬರೂ ಸುತ್ತುತ್ತಿದ್ದೆವು. ಅವಳದು ಬೇರೆ ಪೇಜು, ಆದರೆ ಗಾಡಿ ಓಡಿಸುವುದೂ ಅವಳೇ, ನನ್ನ ವಿಡಿಯೋಗೆ ನೆರಳು ಬೀಳದಂತೆ ದುಪಟ್ಟಾ ಹಿಡಿದು ನಿಲ್ಲುವುದೂ ಅವಳೇ.

ಮೊದಲ ವಾರ ಫಾಲೋ ಮಾಡುವವರು ಬೇಕಲ್ಲ. ಊರಿಗೆ ಹೋದಾಗ ಅಪ್ಪನ ಫೋನಿಗೆ ಇನ್‌ಸ್ಟಾಗ್ರಾಂ ಹಾಕಿದವಳು ನಾನೇ. ಕಾಮೆಂಟ್ ಮಾಡುವುದು ಹೇಗೆಂದು ಅವನ ಬೆರಳು ಹಿಡಿದು ತೋರಿಸಿದವಳೂ ನಾನೇ. ಅಪ್ಪ ಇದನ್ನು ಮಗಳು ಒಪ್ಪಿಸಿದ ಕೆಲಸವೆಂದು ತೆಗೆದುಕೊಂಡುಬಿಟ್ಟ. ಒಂದು ವಿಡಿಯೋವನ್ನೂ ಬಿಡಲಿಲ್ಲ. ಅವನ ಕೈಗೆ ಬರುತ್ತಿದ್ದುದು ಒಂದೇ ಭಾಷೆ.

"ಮಾನ್ಯರೇ, ತಮ್ಮ ವಿಡಿಯೋವನ್ನು ಪೂರ್ತಿಯಾಗಿ ವೀಕ್ಷಿಸಿರುತ್ತೇನೆ. ಟೈಲರ್ ರವರ ಮಾತುಗಳು ಸ್ಪಷ್ಟವಾಗಿ ಕೇಳಿಸಿರುತ್ತವೆ. ಮಗಳೇ ಊಟ ಆಯ್ತಾ."

ಮೊದಮೊದಲು ನಾನು ನಕ್ಕು ಒಂದು ಹಾರ್ಟ್ ಒತ್ತುತ್ತಿದ್ದೆ. ಕ್ಲಾಸಿನವರೂ ನಕ್ಕರು. ಆಮೇಲೆ ಅವರಿಗೆ ಅದೊಂದು ಆಟವಾಯಿತು. ಕ್ಯಾಂಟೀನಿನಲ್ಲಿ ಯಾರಾದರೂ ಎದುರಾದರೆ "ಮಾನ್ಯರೇ, ಊಟ ಆಯ್ತಾ" ಎನ್ನುವುದು. ಯಾರೋ ಹಿರಿಯರು, ಹುಡುಗಿಯರನ್ನೆಲ್ಲ ಮಗಳೇ ಎನ್ನುತ್ತಾರೆ ಎಂದುಕೊಂಡಿದ್ದರು. ಅದು ನನ್ನಪ್ಪ ಎಂದು ರೂಮ್‌ಮೇಟ್ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವಳೂ ಬಾಯಿಬಿಟ್ಟಿರಲಿಲ್ಲ.

ಒಂದು ದಿನ ಸರ್ ನನ್ನ ಪೇಜನ್ನೇ ಪರದೆಯ ಮೇಲೆ ಹಾಕಿದರು. ನಮ್ಮನ್ನು ನೋಡುವವರು ಯಾರು, ಅವರಿಗೆ ಏನು ಬೇಕು ಎಂಬುದು ಅವತ್ತಿನ ಪಾಠ. ಚೆನ್ನಾಗಿ ಮಾಡಿದ್ದೀಯ ಎಂದರು. ಕೆಳಗೆ ಇಳಿಸುತ್ತಾ ಹೋದರು. ಅಪ್ಪನ ಸಾಲುಗಳು ಗೋಡೆಯಷ್ಟು ದೊಡ್ಡದಾಗಿ ಬಂದವು. ಇಡೀ ಕ್ಲಾಸು ಘೊಳ್ಳೆಂದಿತು.

ಸರ್ ಕೂಡ ಮುಗುಳ್ನಕ್ಕರು. "ಇವ್ರು ಯಾರಮ್ಮ? ಗೊತ್ತಿರೋರಾ?"

"ಗೊತ್ತಿಲ್ಲ ಸರ್. ಯಾರೋ ವಯಸ್ಸಾದೋರು," ಎಂದೆ.

ಅದನ್ನು ಹೇಳಲು ನಾನು ಒಂದು ಕ್ಷಣವೂ ತಡೆಯಲಿಲ್ಲ. ಯೋಚಿಸಿ ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಪಕ್ಕದಲ್ಲಿದ್ದ ರೂಮ್‌ಮೇಟ್ ತಿರುಗಿ ನನ್ನನ್ನೇ ನೋಡಿದಳು. ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಅಪ್ಪ ಹಾಸ್ಟೆಲಿಗೆ ಬಂದರೆ ಅವಳಿಗೂ ಸೇರಿಸಿ ಚಕ್ಕುಲಿ ತರುತ್ತಿದ್ದ.

ಸರ್ ಕೆಟ್ಟವರಲ್ಲ. ಗೊತ್ತಿಲ್ಲದ ಮುದುಕರೊಬ್ಬರ ಬಗ್ಗೆ ಕರುಣೆಯಿಂದಲೇ ಮಾತಾಡಿದರು. "ಎಲ್ಲಾ ಪೇಜಿಗೂ ಇಂಥೋರು ಒಬ್ಬರು ಇರ್ತಾರೆ. ಬ್ಲಾಕ್ ಮಾಡ್ಬೇಡಿ, ನೊಂದ್ಕೋತಾರೆ. ರಿಸ್ಟ್ರಿಕ್ಟ್ ಅಂತ ಒಂದಿದೆ, ಅದನ್ನ ಮಾಡಿ. ಅವ್ರು ಬರೆದಿದ್ದು ಅವ್ರಿಗೆ ಕಾಣಿಸ್ತಾ ಇರುತ್ತೆ, ಬೇರೆ ಯಾರಿಗೂ ಕಾಣ್ಸಲ್ಲ. ಅವ್ರಿಗೆ ಗೊತ್ತೇ ಆಗಲ್ಲ."

ಅವತ್ತು ಸಂಜೆ ಶಿರಾ ಗೇಟಿನಲ್ಲಿ ಸಿಟಿ ಬಸ್ಸಿಗೆ ಕಾಯುತ್ತಾ ನಿಂತೇ ಆ ಕೆಲಸ ಮುಗಿಸಿದೆ. ಎರಡು ಸಲ ಬೆರಳು ಒತ್ತಿದರೆ ಆಯಿತು.

"ಏನೇ ಇದು, ಅವ್ರು ನಿಮ್ಮಪ್ಪ ಕಣೇ," ಎಂದಳು ರೂಮ್‌ಮೇಟ್.

"ಮಾರ್ಕ್ಸ್ ಬೇಕಲ್ವೇನೇ. ಸೆಮಿಸ್ಟರ್ ಮುಗಿದ ಮೇಲೆ ತೆಗೀತೀನಿ ಬಿಡು," ಎಂದೆ.

ಎರಡು ತಿಂಗಳು ಕಳೆಯಿತು. ಕಾಮೆಂಟುಗಳಲ್ಲಿ ಅಪ್ಪ ಇಲ್ಲದ ಪೇಜು ಎಷ್ಟು ಚೊಕ್ಕಟವಾಗಿ ಕಾಣುತ್ತದೆ ಎಂದು ನಾನು ಖುಷಿಪಟ್ಟಿದ್ದೂ ಉಂಟು. ಅಪ್ಪ ಫೋನು ಮಾಡಿದಾಗಲೆಲ್ಲ "ನಾನು ಬರ್ದಿದ್ದು ಓದಿದ್ಯಾ?" ಎಂದು ಕೇಳುತ್ತಿದ್ದ. "ಹ್ಞೂಂ ಅಪ್ಪ, ಓದ್ದೆ, ಚೆನ್ನಾಗಿತ್ತು," ಎನ್ನುತ್ತಿದ್ದೆ. ಒಂದನ್ನೂ ತೆರೆದು ನೋಡಿರಲಿಲ್ಲ.

ಪರೀಕ್ಷೆಗೆ ಮುಂಚೆ ಓದಲು ನಾಲ್ಕು ದಿನ ರಜೆ ಕೊಟ್ಟರು. ಮಧ್ಯಾಹ್ನ ಕುಣಿಗಲ್ಲಿನಲ್ಲಿ ಇಳಿದು, ಅಪ್ಪನ ಜೊತೆಗೇ ಮನೆಗೆ ಹೋದರಾಯಿತೆಂದು ತಾಲ್ಲೂಕು ಕಚೇರಿಗೆ ನಡೆದೆ. ಅಪ್ಪ ನನ್ನನ್ನು ಕಂಡವನೇ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟು, ಪಕ್ಕದ ಮೇಜಿನ ಟೈಪಿಸ್ಟನ್ನು ಕರೆದ. ಟೈಪಿಸ್ಟು ಹೊಸದಾಗಿ ಇನ್‌ಸ್ಟಾಗ್ರಾಂ ಹಾಕಿಸಿಕೊಂಡಿದ್ದರು.

"ನಮ್ ಹುಡ್ಗಿ ಬಂದವ್ಳೆ ನೋಡು. ತೆಗಿ ಆ ಪೇಜ್ನ. ನಾನ್ ಬರ್ದಿರೋದನ್ನ ಇವ್ಳ ಎದುರ್ಗೇ ಓದು."

ಟೈಪಿಸ್ಟು ಹುಡುಕಿದರು. ಮೇಲೆ ಮಾಡಿದರು, ಕೆಳಗೆ ಮಾಡಿದರು. "ಎಲ್ಲಣ್ಣ, ನಿಂದು ಒಂದೂ ಇಲ್ವಲ್ಲ."

"ಕನ್ನಡ್ಕ ಹಾಕ್ಕೊಂಡ್ ನೋಡು ಮಾರಾಯ," ಎಂದು ಅಪ್ಪ ನಕ್ಕ. ಆಮೇಲೆ ತನ್ನ ಫೋನು ತೆಗೆದು ಅವರ ಫೋನಿನ ಪಕ್ಕದಲ್ಲಿಟ್ಟ. ಅದೇ ವಿಡಿಯೋ. ಇವನದರಲ್ಲಿ ಇವನ ಸಾಲುಗಳಿದ್ದವು, ಅವರದರಲ್ಲಿ ಇರಲಿಲ್ಲ. ಅಪ್ಪ ಎರಡನ್ನೂ ನನ್ನ ಕಡೆ ತಳ್ಳಿದ. ಸರಿಮಾಡಿಕೊಡುತ್ತಾಳೆ ಎಂಬ ಭರವಸೆಯಿತ್ತು ಅವನ ಮುಖದಲ್ಲಿ.

ಎರಡು ಫೋನನ್ನೂ ಒತ್ತಿ ನೋಡುವವಳಂತೆ ಮಾಡಿದೆ. "ನೆಟ್‌ವರ್ಕ್ ಪ್ರಾಬ್ಲಮ್ ಅಪ್ಪ. ಕೆಲವು ಫೋನಲ್ಲಿ ಲೇಟಾಗಿ ಬರುತ್ತೆ."

"ಎರಡ್ ತಿಂಗಳ್ ಹಿಂದಿನ್ದೂ ಇಲ್ವಲ್ಲವ್ವ," ಎಂದರು ಟೈಪಿಸ್ಟು.

"ಇರ್ಬೋದು ಬುಡಪ್ಪ, ಅವ್ಳು ಅದನ್ನೇ ಓದ್ತಿರೋದು. ನಿಂಗಿಂತ ಗೊತ್ತಿರಲ್ವಾ ಅವ್ಳಿಗೆ," ಎಂದು ಅಪ್ಪ ನನ್ನ ಪರವಾಗಿ ಅವರ ಬಾಯಿ ಮುಚ್ಚಿಸಿದ.

ಮಾರನೆಯ ದಿನ ಅಪ್ಪ ಫೋನನ್ನು ಮೊಬೈಲ್ ಅಂಗಡಿಗೆ ತೋರಿಸಲು ಹೊರಟ. ಬೇಡಪ್ಪ, ತಾನಾಗೇ ಸರಿಹೋಗುತ್ತೆ ಎಂದೆ. ಬಾಗಿಲವರೆಗೂ ಹೋಗಿ ಹೇಳಿದೆ. ನಿಜ ಹೇಳಿ ನಿಲ್ಲಿಸಬಹುದಿತ್ತು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ಸಂಜೆ ಬಂದವನು ಕೈಕಾಲು ತೊಳೆದು, ಅಮ್ಮ ಕೊಟ್ಟ ಕಾಫಿ ಹಿಡಿದು ಜಗಲಿಯ ಮೇಲೆ ಕೂತ. ನಾನು ಪುಸ್ತಕ ಹಿಡಿದುಕೊಂಡಿದ್ದೆ, ಒಂದು ಅಕ್ಷರವೂ ತಲೆಗೆ ಹೋಗುತ್ತಿರಲಿಲ್ಲ.

"ಫೋನ್ ಸರಿಯಾಗೇ ಇದ್ಯಂತೆ ಕಣವ್ವ," ಎಂದ. "ಪೇಜಿನೋರೇ ಹಂಗೆ ಮಾಡಿರ್ತಾರಂತೆ."

ಪೇಜಿನೋರು. ಮನೆಯಲ್ಲಿ ಕೂತಿದ್ದ ನಾನೊಬ್ಬಳೇ ಪೇಜಿನೋರು. ಅಪ್ಪ ಕಾಫಿ ಮುಗಿಸಿದ. ಅವನ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನೂ ಸಿಟ್ಟು ಮಾಡಿಕೊಂಡು ತಪ್ಪಿಸಿಕೊಳ್ಳುತ್ತಿದ್ದೆ. ಅದು ಇರಲೇ ಇಲ್ಲ.

"ಆಫೀಸಲ್ಲಿ ಅರ್ಜಿ ಬೇಡ ಅಂತಾದ್ರೆ ಹಿಂಬರಹ ಅಂತ ಕೊಡ್ತಾರೆ. ಇಂಥ ಕಾರಣಕ್ಕೆ ಆಗಲ್ಲ ಅಂತ ಒಂದು ಕಾಗ್ದ. ಅದು ಕೈಗೆ ಬಂದ್ರೆ ಜನ ಸುಮ್ಮನೆ ಓಡಾಡಲ್ಲ. ನೀನೂ ಒಂದ್ ಮಾತು ಅಂದಿದ್ರೆ ನಾನು ಬರೀತಿರ್ಲಿಲ್ಲ, ಅಷ್ಟೇಯ. ಬುಡು."

ಆ ಸೆಮಿಸ್ಟರಿನಲ್ಲಿ ನಮಗೆ ಕ್ಷಮೆ ಕೇಳುವುದು ಹೇಗೆ ಎಂಬುದೇ ಒಂದು ಪಾಠವಿತ್ತು. ಕಂಪನಿಯೊಂದು ತಪ್ಪು ಮಾಡಿ ಸಿಕ್ಕಿಬಿದ್ದರೆ ಏನು ಹೇಳಿಕೆ ಕೊಡಬೇಕು, ಮೊದಲು ಏನು, ಆಮೇಲೆ ಏನು. ಇಲ್ಲದ ಒಂದು ಸೋಪಿನ ಕಂಪನಿಯ ಪರವಾಗಿ ನಾನು ಬರೆದ ಕ್ಷಮಾಪಣೆಯನ್ನು ಸರ್ ಕ್ಲಾಸಿಗೆಲ್ಲ ಓದಿ ತೋರಿಸಿದ್ದರು. ಎದುರಿಗೆ ಕೂತ ಅಪ್ಪನಿಗೆ ತಪ್ಪಾಯ್ತು ಎನ್ನಲು ನಾಲಿಗೆ ಹೊರಳಲಿಲ್ಲ. "ಅದು ಸೆಟ್ಟಿಂಗ್ ಅಪ್ಪ..." ಎಂದು ಏನೋ ಶುರುಮಾಡಿದೆ. ಅವನು ಲೋಟ ತೆಗೆದುಕೊಂಡು ಒಳಗೆ ಹೋದ.

ಆಮೇಲೆ ಕೋಣೆಯಲ್ಲಿ ಕೂತು, ಎರಡು ತಿಂಗಳ ಅಷ್ಟೂ ಕಾಮೆಂಟುಗಳನ್ನು ಮೊದಲ ಸಲ ತೆರೆದೆ. ಹಳೆಯ ವಿಡಿಯೋಗಳನ್ನು ಮತ್ತೆ ನೋಡಿಯೂ ಬರೆದಿದ್ದ. ಗುಬ್ಬಿಯ ಟೈಲರ್ ಹೇಳಿದ ಅಳತೆಯನ್ನು ನಾನು ತಪ್ಪು ಬರೆದಿದ್ದೇನೆಂದು ಒಂದರಲ್ಲಿ ತಿಳಿಸಿದ್ದ. ಮಿಕ್ಸಿಯವರನ್ನು ನಿಲ್ಲಿಸಿಕೊಂಡು ಮಾತಾಡಿಸಿದ್ದು ಸರಿಯಲ್ಲ, ಅವರ ವಯಸ್ಸು ನೋಡಿ ಕೂರಿಸಬೇಕಿತ್ತು ಎಂದು ಇನ್ನೊಂದರಲ್ಲಿತ್ತು. ಇನ್ನೂ ಒಂದಿತ್ತು. "ಮಾನ್ಯರೇ, ವಿಡಿಯೋ ನೋಡಿರುತ್ತೇನೆ. ಅಮ್ಮನಿಗೆ ಮೂರು ದಿನದಿಂದ ಜ್ವರವಿದ್ದು ಈಗ ಗುಣಮುಖರಾಗಿರುತ್ತಾರೆ. ಮಗಳೇ ಗಾಬರಿ ಆಗಬೇಡ. ನಿನ್ನ ಕ್ಲಾಸಿಗೆ ತೊಂದರೆ ಎಂದು ಫೋನು ಮಾಡಲಿಲ್ಲ." ಅಮ್ಮನಿಗೆ ಜ್ವರ ಬಂದಿದ್ದೇ ನನಗೆ ಗೊತ್ತಿರಲಿಲ್ಲ. ಅದಾದ ಮೇಲೂ ಅಪ್ಪ ಫೋನಿನಲ್ಲಿ ಓದಿದ್ಯಾ ಎಂದು ಕೇಳಿರಬೇಕು. ನಾನು ಚೆನ್ನಾಗಿತ್ತು ಎಂದಿರಬೇಕು.

ರಿಸ್ಟ್ರಿಕ್ಟ್ ತೆಗೆದೆ. ಇನ್ನು ಮುಂದೆ ಬರೆದಿದ್ದು ಎಲ್ಲರಿಗೂ ಕಾಣುತ್ತಿತ್ತು. ಹಳೆಯವನ್ನು ಮಾತ್ರ ಒಂದೊಂದಾಗಿ ನಾನೇ ಒಪ್ಪಿಗೆ ಒತ್ತಿ ಹೊರಗೆ ಬಿಡಬೇಕಿತ್ತು. ಮುಂದಿನ ವಾರ ಸರ್ ಕ್ಲಾಸಿನಲ್ಲಿ ಎಲ್ಲರ ಪೇಜು ನೋಡಿ ಮಾರ್ಕ್ಸು ಹಾಕುವವರಿದ್ದರು. ಅದು ಮುಗಿಯಲಿ ಎಂದುಕೊಂಡೆ. ಅಷ್ಟೆಲ್ಲ ಓದಿ, ಅತ್ತು, ಮೂಗು ಒರೆಸಿಕೊಂಡ ಮೇಲೂ ನಾನು ಹಾಗೇ ಅಂದುಕೊಂಡೆ.

ತುಮಕೂರಿಗೆ ವಾಪಸು ಹೋಗಿ ಕೊನೆಯ ವಿಡಿಯೋ ಹಾಕಿದೆ. ಸ್ವಲ್ಪ ಹೊತ್ತಿಗೆ ಅಪ್ಪನಿಂದ ವಾಟ್ಸಾಪಿನಲ್ಲಿ ಮೆಸೇಜು ಬಂತು. "ತಮ್ಮ ಪೇಜಿನ ಹೊಸ ವಿಡಿಯೋಗೆ ಈ ಕೆಳಕಂಡಂತೆ ಬರೆಯಬಹುದೇ ಎಂಬುದನ್ನು ತಿಳಿಸುವುದು: ವಿಡಿಯೋ ಚೆನ್ನಾಗಿದೆ. ಶುಭವಾಗಲಿ."

ಅಷ್ಟೇ ಇತ್ತು. ಮಗಳೇ ಎಂದಿರಲಿಲ್ಲ. ಊಟದ ವಿಚಾರವೂ ಇರಲಿಲ್ಲ. ಅದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಹ್ಞಾಂ, ಇದನ್ನು ಹಾಕಬಹುದು ಎಂದು. ದುಃಖ ಬಂದಿದ್ದು ಆಮೇಲೆ. ಅಷ್ಟು ಹೊತ್ತಿಗೆ ನಾನು "ಹಾಕಪ್ಪ" ಎಂದು ಬರೆದು ಕಳಿಸಿಯಾಗಿತ್ತು.

ಮಾರ್ಕ್ಸಿನ ದಿನ ನನ್ನ ಪೇಜು ಮತ್ತೆ ಗೋಡೆಯ ಮೇಲೆ ಬಂತು. ಸರ್ ಅಪ್ಪನ ಆ ಸಾಲನ್ನು ದಾಟಿಕೊಂಡು ಮುಂದೆ ಹೋದರು. ಈ ಸಲ ಯಾರೂ ನಗಲಿಲ್ಲ. ರೂಮ್‌ಮೇಟ್ ಮೇಜಿನ ಕೆಳಗೆ ನನ್ನ ಕೈ ಒತ್ತಿದಳು, ಈಗಲಾದರೂ ಹೇಳು ಎನ್ನುವ ಹಾಗೆ. ಪೇಜಿನ ಬಗ್ಗೆ ಏನಾದರೂ ಹೇಳುವುದಿದೆಯಾ ಎಂದು ಸರ್ ಕೇಳಿದರು. ಎದ್ದು ನಿಂತು, ಇಲ್ಲ ಸರ್ ಎಂದು ಕೂತೆ.