ಕೆಂಪೆಲೆಯ ಗಿಡ

ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಅದಕ್ಕೇ ಡೈರಿ ಬರೆಯುತ್ತೇನೆ. ಆದರೆ ಈ ವರ್ಷ ಡೈರಿಯ ಮಾತು ಕೇಳಿಯೇ ಮೋಸಹೋದೆ.

ಹೊಸಪೇಟೆಯ ನಮ್ಮ ಮನೆಯಲ್ಲಿ ಮಣ್ಣೆಂದು ಉಳಿದಿರುವುದು ಕಿಟಕಿಯ ಕೆಳಗೆ ಒಂದು ಚಾಪೆಯಷ್ಟು ಜಾಗ. ಮಿಕ್ಕದ್ದೆಲ್ಲ ಸಿಮೆಂಟು. ನಿವೃತ್ತಿಯಾದ ಮೇಲೆ ನನಗೆ ಮಂಡಿನೋವು, ಮಧ್ಯಾಹ್ನಗಳು ಎರಡೂ ಧಾರಾಳ. ಕಿಟಕಿಗೆ ಒಂದು ಹಕ್ಕಿ ಬಂದರೆ ಸಾಕಿತ್ತು. ತೋಟಗಾರಿಕೆಯ ಪುಸ್ತಕಗಳನ್ನು ತಂದು ಓದಿದೆ. ಚಂದಕ್ಕೊಂದು ಗಿಡ, ಚಿಟ್ಟೆಗೊಂದು, ಹಕ್ಕಿಗೊಂದು ಎಂದು ಅವು ಎಕರೆಗಟ್ಟಲೆ ಜಾಗವಿದ್ದವರಿಗೆ ಹೇಳುವಂತೆ ಹೇಳುತ್ತವೆ. ನನಗಿದ್ದದ್ದು ಒಂದೇ ಗುಂಡಿ ತೋಡುವಷ್ಟು ಶಕ್ತಿ.

ಆಗ ನೆನಪಾದದ್ದು ಸಂಡೂರಿನ ತವರುಮನೆಯ ಎದುರು, ರಸ್ತೆಯಾಚೆ ಇದ್ದ ಗಿಡ. ಬರೀ ನೆನಪಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ಹನ್ನೊಂದನೆಯ ವಯಸ್ಸಿನ ಬೇಸಿಗೆ ರಜೆಯ ಡೈರಿಯಲ್ಲಿ ನನ್ನದೇ ಗುಂಡನೆಯ ಅಕ್ಷರದ ಸಾಕ್ಷಿಯಿತ್ತು: ‘ಕೆಂಪೆಲೆ ಗಿಡಕ್ಕೆ ಇವತ್ತೂ ಪಿಕಳಾರ ಹಕ್ಕಿ ಬಂದಿತ್ತು. ಕಪ್ಪು ಹಣ್ಣು ತಿಂತು.’

ನರ್ಸರಿಯವನು ತೋರಿಸಿದ ಯಾವ ಗಿಡವೂ ಅಷ್ಟು ಕೆಂಪಿರಲಿಲ್ಲ. ಕೊನೆಗೆ ಒಂದು ಕ್ರೋಟನ್ ಮುಂದಿಟ್ಟು, “ಇದಕ್ಕಿಂತ ಕೆಂಪು ಬೇಕಂದ್ರ ಬಣ್ಣಾನ ಹಚ್ಚಿ ಕೊಡಬೇಕಾಗ್ತೈತ್ರಿ ಮೇಡಂ” ಎಂದ. ಅದನ್ನೇ ತಂದೆ. ಕಿಟಕಿಯ ಕೆಳಗೆ ತಾನಾಗಿ ಎದ್ದಿದ್ದ ಕರಿಬೇವಿನ ಗಿಡವೊಂದು ಅಡ್ಡವಾಗಿತ್ತು. ಅದರ ಎಲೆಗಳನ್ನು ಹುಳ ತಿಂದು ಜಾಲರಿ ಮಾಡಿತ್ತು. ಕಿತ್ತೆಸೆದೆ.

ಕ್ರೋಟನ್ ಚೆನ್ನಾಗಿಯೇ ಬೆಳೆಯಿತು. ಆರು ತಿಂಗಳು ಕಾದೆ. ಹಕ್ಕಿಯಿರಲಿ, ಒಂದು ನೊಣವೂ ಅದರ ಮೇಲೆ ಕೂರಲಿಲ್ಲ.

ಮೊನ್ನೆ ಸಂಡೂರಿನಿಂದ ಅಕ್ಕ ಬಂದಿದ್ದಳು. ಡೈರಿ ಓದಿ ಹೇಳಿದೆ. ಚಹಾದ ಲೋಟ ಕೆಳಗಿಟ್ಟು ನಕ್ಕಳು.

“ಏ ಹುಚ್ಚಿ, ಅದು ಕರಿಬೇವಿನ ಗಿಡ! ಎಲಿ ಹಸಿರ ಇತ್ತು. ಅದಿರಿನ ಲಾರಿ ಓಡ್ಯಾಡಿ ಓಡ್ಯಾಡಿ ಧೂಳ ಕುಂತು ಕೆಂಪಾಗಿತ್ತು. ಅವ್ವ ಒಗ್ಗರಣಿಗೆ ಹಾಕೂಕಿಂತ ಮೊದ್ಲ ಮೂರು ಸಲ ತೊಳೀತಿದ್ಲು, ನೆಪ್ಪಿಲ್ಲೇನ?”

“ನಾನು ಕಿಟಕ್ಯಾಗಿಂದ ನೋಡ್ತಿದ್ದೆ.”

“ಹೌದವಾ, ನೀನು ಕಿಟಕ್ಯಾಗ ಕುಂತು ಬರಿಯಾಕಿ. ಅಡಗಿ ಮನ್ಯಾಗ ಯಾವಾಗ ಕಾಲಿಟ್ಟಿದ್ದಿ?”

ಸಂಡೂರಿನ ಬೇಸಿಗೆಯಲ್ಲಿ ನಮ್ಮ ಬಿಳಿ ಲಂಗವೂ ಕೆಂಪಾಗಿರುತ್ತಿತ್ತು. ಲಂಗಕ್ಕೆ ಅನ್ವಯಿಸಿದ್ದು ಗಿಡಕ್ಕೂ ಅನ್ವಯಿಸೀತೆಂದು ಇಷ್ಟು ಓದಿದವಳಿಗೆ ಹೊಳೆಯಲಿಲ್ಲ. ಯಾವ ಗಿಡದ ಹಣ್ಣಿಗೆ ಪಿಕಳಾರ ಬರುತ್ತಿತ್ತೋ ಆ ಗಿಡವನ್ನೇ ನನ್ನ ಕೈಯಾರೆ ಕಿತ್ತು, ಅದಿರಿನ ಬಣ್ಣವನ್ನು ನೆಟ್ಟು, ನೀರೆರೆದು ಕಾದಿದ್ದೆ.

ಅಕ್ಕ ಬಸ್ಸು ಹತ್ತಿದ ಮೇಲೆ ಡೈರಿಯನ್ನು ಮತ್ತೆ ತೆರೆದೆ. ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಸುಳ್ಳು ಬರೆದಿರಲಿಲ್ಲ, ಕಂಡದ್ದನ್ನೇ ಬರೆದಿದ್ದಳು. ಎದ್ದು ಹೋಗಿ ಒಂದು ಚೊಂಬು ನೀರು ಸುರಿದು ನೋಡಿರಲಿಲ್ಲ, ಅಷ್ಟೆ.

ಕ್ರೋಟನ್ ಕೀಳೋಣವೆಂದು ಬಗ್ಗಿದೆ. ಮಂಡಿ ಒಪ್ಪಲಿಲ್ಲ. ಅಲ್ಲೇ ನೆಲಕ್ಕೆ ಕೂತಾಗ ಕಂಡಿತು: ಅದರ ಬುಡದಲ್ಲಿ, ನಾನು ಅರ್ಧಂಬರ್ಧ ಕಿತ್ತಿದ್ದ ಬೇರಿನಿಂದ, ಗೇಣುದ್ದದ ಕರಿಬೇವು. ಅದಕ್ಕೆ ನನ್ನ ಗುಂಡಿಯೂ ಬೇಕಾಗಿರಲಿಲ್ಲ, ನನ್ನ ಆಯ್ಕೆಯೂ ಬೇಕಾಗಿರಲಿಲ್ಲ. ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥ ಹುಳುವೊಂದು ಮೇಯುತ್ತಿತ್ತು. ಚಿಟ್ಟೆಯ ಮರಿ ಹೀಗೇ ಇರುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಓದಿಯೂ ಹೋದ ಸಲ ಕಿತ್ತೆಸೆದಿದ್ದೆ. ಈ ಸಲ ಬಿಟ್ಟೆ. ಒಗ್ಗರಣೆಗೆ ಸಂತೆಯ ಕರಿಬೇವು ಸಾಕು. ಹಣ್ಣಿಗೆ ಇನ್ನೂ ಕೆಲವು ವರ್ಷ ಬೇಕು. ಹಕ್ಕಿಗೆ ಅವಸರವಿಲ್ಲ, ನನಗೂ ಬೇರೆ ಕೆಲಸವಿಲ್ಲ.

ಡೈರಿಯಲ್ಲಿ ಬರೆದೆ: ‘ಎಲೆ ಹಸಿರು. ತೊಳೆದು ನೋಡಿದ್ದೇನೆ.’