ಕೊನೆಗೆ ಹೊರಬಂದವಳು

ಭಾಗಮ್ಮ, ಅವತ್ತು ಮಕ್ಕಳನ್ನು ಒಳಗೆ ಬಿಟ್ಟು ಮೊದಲು ಹೊರಗೆ ಹಾರಿದವಳು ನಾನು. ಕೊನೆಗೆ ಬಂದವಳು ನೀನು. ಊರು ಇದನ್ನು ತಿರುಗಾಮುರುಗಾ ತಿಳಿದುಕೊಂಡಿತು — ನಾನು ಹೌದು ಅಂದೆ.

ನಿನಗೆ ಆಗ ಹತ್ತು ವರ್ಷ, ನನಗೆ ಇಪ್ಪತ್ತಮೂರು. ಬೀದರಿನಲ್ಲಿ ಸಂಗೀತ ಓದಿ ಬಿ.ಎ. ಮುಗಿಸಿ, ಔರಾದ ತಾಲೂಕಿನ ನಿಮ್ಮೂರ ಪ್ರಾಥಮಿಕ ಶಾಲೆಗೆ ಹಾಡು ಕಲಿಸಲು ಬಂದಿದ್ದೆ. ಎರಡು ವರ್ಷದಿಂದ ಮಳೆ ಇರಲಿಲ್ಲ. ಅರ್ಧ ಊರಿಗೆ ಬೀಗ. ಕೂಲಿ ಹುಡುಕಿ ಗುಳೆ ಹೋಗುವವರು ಉಳಿದಿದ್ದ ಜೋಳದ ಕಣಕಿಯನ್ನು — ದನಕ್ಕೆ ಅದೊಂದೇ ಮೇವು — ಯಾರೂ ಒಯ್ಯದಿರಲೆಂದು ಶಾಲೆಯ ಹಳೆಯ ಕೋಣೆಯ ಮಣ್ಣಿನ ಮಾಳಿಗೆಯ ಮೇಲೆ ಒಟ್ಟಿ ಹೋಗುತ್ತಿದ್ದರು. ಪೆಂಡಿಯ ಮೇಲೆ ಪೆಂಡಿ.

“ಆ ಕೋಣಿ ಬ್ಯಾಡ್ರಿ ಟೀಚರ್, ತೊಲಿಗಿ ಗೆದ್ದಲ ಹತ್ಯಾದ,” ಅಂದಿದ್ದರು ಹೆಡ್ ಮಾಸ್ತರರು.

ನಾನು ಕಾಡಿ ಬೇಡಿ ಕೀಲಿಕೈ ತೆಗೆದುಕೊಂಡೆ. ಹೊಸ ಕೋಣೆಗಳ ತಗಡಿನ ಕೆಳಗೆ ಮಕ್ಕಳ ಧ್ವನಿ ಚದುರಿ ಹೋಗುತ್ತಿತ್ತು. ಆ ಕಲ್ಲಿನ ಕೋಣೆಯಲ್ಲಿ ಒಂದು ‘ಸಾ’ ಹಿಡಿದರೆ ಗೋಡೆಯೂ ‘ಸಾ’ ಅನ್ನುತ್ತಿತ್ತು. ಭಾಲ್ಕಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ಇತ್ತು. ನನಗೆ ಗೆಲ್ಲಬೇಕಿತ್ತು.

ನಿನ್ನದು ಕುರಿ ಸಾಕುವ ಮನೆ. ನೀನು ಬಾಯಿ ತೆರೆದರೆ ನಿನ್ನ ತರಗತಿಯ ಬಸ್ಯಾ ಕಾಡಿಸುತ್ತಿದ್ದ: “ಇಕಿ ಕುರಿ ಕರದಂಗ ಹಾಡ್ತಾಳರಿ ಟೀಚರ್!”

“ಕರದಾಗ ನೀನೂ ಬರ್ತಿಯಲ್ಲೋ,” ಅನ್ನುತ್ತಿದ್ದೆ ನೀನು. ಎಲ್ಲರೂ ನಗುತ್ತಿದ್ದರು. ನಾನೂ.

ಅವತ್ತು ಊಟದ ನಂತರ ಇಪ್ಪತ್ತಾರು ಮಕ್ಕಳು ಒಳಗಿದ್ದಿರಿ. ನಾನು ಹಾರ್ಮೋನಿಯಂ — ನಿಮ್ಮ ಬಾಯಲ್ಲಿ ಪೇಟಿ — ಇಟ್ಟುಕೊಂಡು, ಸರಳು ಕಿತ್ತುಹೋದ ಹಿಂದಿನ ಕಿಟಕಿಯ ಪಕ್ಕ ಕೂತಿದ್ದೆ. ನೀನು ನಡುವೆಯೇ ಹಾಡು ನಿಲ್ಲಿಸಿ ಮೇಲೆ ನೋಡಿದೆ.

“ಟೀಚರ್, ತೊಲಿ ನರಳಾಕತ್ತದರಿ.”

“ಮ್ಯಾಲ ನೋಡಬ್ಯಾಡ. ಶ್ರುತಿ ಹಿಡಿ,” ಅಂದೆ.

ಆಮೇಲೆ ಪೇಟಿಯ ಸ್ವರದ ಮನೆಗಳ ಮೇಲೆ ಮಣ್ಣು ಉದುರಿತು. ತಲೆ ಎತ್ತಿದರೆ ತೊಲೆ ನಡುವಿಗೆ ಸೀಳಿತ್ತು — ಒಳಗಿನ ಬಿಳಿ ಕಟ್ಟಿಗೆ ಕಾಣುತ್ತಿತ್ತು. ಆ ಬಿಳಿ ಈಗಲೂ ನನಗೆ ಕಾಣುತ್ತದೆ. ಅಲ್ಲಿಂದ ಮುಂದೆ ನಾನು ಏನು ಯೋಚಿಸಿದೆ — ಯೋಚಿಸಲೇ ಇಲ್ಲ. ಕಿಟಕಿ. ಜಾಲಿಯ ಮುಳ್ಳು. ಒಬ್ಬರ ಹೆಸರನ್ನೂ ಕೂಗಲಿಲ್ಲ.

ಗೋಡೆ ಸುತ್ತಿ ಮುಂದೆ ಬರುವಾಗ ಹಾಡು ಕೇಳಿಸಿತು. ಅದೇ ಹಾಡು, ಅದೇ ಲಯ.

ಆ ಬಾಗಿಲು ನಿನಗೆ ನೆನಪಿದೆಯಲ್ಲ — ದೊಡ್ಡವರು ಬಗ್ಗಿಯೇ ದಾಟಬೇಕು, ಒಮ್ಮೆಗೆ ಒಂದೇ ಮಗು. ನೀನೊಮ್ಮೆ ಚೀರಿದ್ದರೆ ಅಷ್ಟೂ ಮಕ್ಕಳು ಅದಕ್ಕೇ ಬಂದು ಬೀಳುತ್ತಿದ್ದರು. ನೀನು ಚೀರಲಿಲ್ಲ. ಹೊಸ್ತಿಲ ಒಳಗೆ ನಿಂತು ಹಾಡುತ್ತ, ಒಂದೊಂದೇ ತಲೆ ಮುಟ್ಟಿ ಹೊರಗೆ ಬಿಡುತ್ತಿದ್ದೆ — ಬೆಳಿಗ್ಗೆ ದೊಡ್ಡಿಯಿಂದ ಕುರಿ ಎಣಿಸಿ ಬಿಡುವ ಹಾಗೆ. ಸಣ್ಣವು ಮೊದಲು. ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು, ಅವರೂ ಹಾಡುತ್ತ. ನಿನ್ನ ತಲೆಯ ಮೇಲೆ ಮಣ್ಣು ಸುರಿಯುತ್ತಿತ್ತು. ನಿನ್ನ ‘ಸಾ’ ಅಲುಗಲಿಲ್ಲ. ಆಮೇಲೆ ದೊಡ್ಡ ದೊಡ್ಡ ಗಾಯಕರನ್ನು ಕೇಳಿದ್ದೇನೆ, ಭಾಗಮ್ಮ. ಹಾಗೆ ನಿಂತ ಸ್ವರವನ್ನು — ಇಲ್ಲ, ಎಲ್ಲಿಯೂ ಇಲ್ಲ.

ಕೊನೆಗೆ ನೀನು ಬಂದೆ. ಮೂರು ಹೆಜ್ಜೆ ಇಟ್ಟಿರಬಹುದು. ಮಾಳಿಗೆ ಕುಸಿದು ಕೂತಿತು — ಕಣಕಿ, ಮಣ್ಣು, ತೊಲೆ, ಎಲ್ಲ. ಧೂಳು ಇಳಿಯುವಾಗ ನಾನು ಮಕ್ಕಳ ನಡುವೆ ನಿಂತಿದ್ದೆ, ಇಬ್ಬರನ್ನು ಅಪ್ಪಿಕೊಂಡು. ಹೆಡ್ ಮಾಸ್ತರರು ಓಡಿ ಬಂದರು.

“ಎಲ್ಲಾರ್ನೂ ಪಾರ ಮಾಡಿದ್ರಲ್ರಿ ಟೀಚರ್!”

“ಹೌದ್ರಿ ಸರ್.”

ನಿನಗೆ ಕೇಳಿಸಿತು. ಹತ್ತಿರ ಬಂದೆ. ಏನಾದರೂ ಅನ್ನುತ್ತೀ ಎಂದು ಅಂಜಿದೆ. “ನಿಮ್ಮ ಪೇಟಿ ಒಳಗ ಉಳೀತಲ್ರಿ,” ಅಂದು ಅಳತೊಡಗಿದೆ. ಅಲ್ಲಿಯವರೆಗೆ ಅತ್ತಿರಲಿಲ್ಲ ನೀನು.

ಮರುದಿನ ನಾನು ಕೇಳಿದೆ — ಹಾಗೆ ಹಾಡುತ್ತ ಬಿಡಬೇಕೆಂದು ನಿನಗೆ ಹೇಗೆ ತಿಳಿಯಿತು?

“ಕುರಿ ಅಂಜಿಸಿದ್ರ ಬಾಗಲದಾಗ ಒಂದರ ಮ್ಯಾಲೊಂದು ಬೀಳ್ತಾವರಿ. ನಮ್ಮ ಮುತ್ಯಾ ಹಾಡಕೋತ ಬಿಡ್ತಿದ್ದ,” ಅಂದೆ ನೀನು, ಅಜ್ಜನನ್ನು ನೆನೆದು.

ಊರವರು ನನಗೆ ಶಾಲು ಹೊದಿಸಿದರು. ಮಕ್ಕಳಿಗೆ ನಿಜ ಗೊತ್ತಿತ್ತು. ಬಸ್ಯಾ ಒಮ್ಮೆ ಬಾಯಿ ತೆರೆದ. ನಾನು ಅವನನ್ನು ಬರೀ ನೋಡಿದೆ — ಅಷ್ಟೇ ಸಾಕಾಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಸುಳ್ಳು ಮಾತ್ರ ಆಗುತ್ತಿತ್ತೇನೋ. ನಾಲ್ಕನೆಯ ದಿನ ಬೀದರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. “ಮಕ್ಕಳಾಗ ಧೈರ್ಯ ತೋರಿಸಿದವ್ರು ಯಾರರ ಅದಾರೇನ್ರಿ? ಭಾಲ್ಕಿ ಹಾಸ್ಟೆಲ್‌ನಾಗ ಒಂದ ಸೀಟ ಕೊಡಸ್ತೇನಿ.” ನಿಮ್ಮಪ್ಪ ಕುರಿ ಮಾರಿದ್ದು, ಆ ವಾರವೇ ನಿನ್ನನ್ನೂ ಕರೆದುಕೊಂಡು ಕಬ್ಬು ಕಡಿಯಲು ಹೊರಟಿದ್ದು — ನನಗೆ ಗೊತ್ತಿತ್ತು. ಆ ಸೀಟು ಸಿಕ್ಕರೆ ನೀನು ಓದುತ್ತೀ, ಅದೂ ಗೊತ್ತಿತ್ತು. ನಿನ್ನ ಹೆಸರು ಹೇಳಿದರೆ ಉಳಿದದ್ದೂ ಹೇಳಬೇಕಾಗುತ್ತಿತ್ತು. ನೀನು ಎರಡನೆಯ ಸಾಲಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದೆ.

“ಎಲ್ಲಾರೂ ನಾ ಹೇಳಿದ ಮಾತು ಕೇಳಿದ್ರು ಸರ್, ಅಷ್ಟೇ,” ಅಂದೆ.

ಮುಂದಿನ ವಾರ ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ‘ಗುಳೆ’ ಎಂದು ಬರೆದಿತ್ತು. ಟೆಂಪೋದಲ್ಲಿ ಗಂಟುಗಳ ಮೇಲೆ ಕೂತು ನೀನು ನನಗೆ ಕೈ ಬೀಸಿದ್ದೆ. ನಾನೂ ಬೀಸಿದೆ — ಬೀಸಿದೆನಲ್ಲ!

ಇಷ್ಟು ವರ್ಷಗಳ ನಂತರ, ಹೋದ ತಿಂಗಳು ಬೀದರಿನ ಬಸ್ಸಿನಲ್ಲಿ ಬಸ್ಯಾ ಸಿಕ್ಕ. ಕಂಡಕ್ಟರ್ ಆಗಿದ್ದಾನೆ. “ಭಾಗಿ ಇಲ್ಲೇ ಬೀದರ ಬಾಜೂಕ ಕೊಳಾರದಾಗ ಅದಾಳರಿ ಟೀಚರ್. ಗೋದಾಮಿನಾಗ ಚೀಲ ಹೊಲೀತಾಳ.” ಇಷ್ಟು ಹೇಳಿ ಸುಮ್ಮನೆ ನನ್ನನ್ನು ನೋಡಿದ. ಈ ಸಲ ಕಣ್ಣು ಕೆಳಗೆ ಹಾಕಿದ್ದು ನಾನು.

ಬರುವ ಭಾನುವಾರ ಮೊದಲು ನಿಮ್ಮೂರಿಗೆ ಹೋಗುತ್ತೇನೆ. ಸುಳ್ಳು ಹೇಳಿದ ಅಂಗಳದಲ್ಲಿಯೇ ನಿಂತು, ಆ ಶಾಲನ್ನು ಹಿಂದಕ್ಕೆ ಕೊಟ್ಟು, ಜನರೆದುರು ನಿನ್ನ ಹೆಸರು ಹೇಳುತ್ತೇನೆ. ನಂತರ ಕೊಳಾರಕ್ಕೆ. ನಿನ್ನ ಬಾಗಿಲ ಹೊರಗೆ ನಿಲ್ಲುತ್ತೇನೆ, ಭಾಗಮ್ಮ. ನೀನು ಕರೆಯದಿದ್ದರೆ ಒಳಗೆ ಕಾಲಿಡುವುದಿಲ್ಲ.